ಹಾರ್ಡ್‌ಟ್ಯಾಕ್ ಕಟ್ಟರ್: ಅಚ್ಚನ್ನು ಕೊಳ್ಳಬಹುದು, ಜೊತೆಗಿರುವ ಪಾಕವಿಧಾನವನ್ನು ನಂಬಬೇಡಿ

ಅಮೆರಿಕದ ಅಂತರ್ಯುದ್ಧದ (1861–65) ಮರುಪ್ರದರ್ಶನಗಳಲ್ಲಿ, ಅಂದರೆ ಅಂದಿನ ಉಡುಪು ತೊಟ್ಟು ಆ ಕದನಗಳನ್ನು ಮತ್ತೆ ಆಡಿ ತೋರಿಸುವ ಕೂಟಗಳಲ್ಲಿ, ಉತ್ತರದ ಒಕ್ಕೂಟ ಸೇನೆಯ ಸಿಪಾಯಿಯಾಗಿ ಭಾಗವಹಿಸುವವರಿಗೆ ನೀಲಿ ಕೋಟು, ಬಂದೂಕು, ಗುಡಾರ ಎಲ್ಲವೂ ದುಡ್ಡು ಕೊಟ್ಟರೆ ಸಿಗುತ್ತವೆ. ಹೆಗಲ ಚೀಲದೊಳಗಿನ ಪಡಿತರವನ್ನು ಮಾತ್ರ ಹೆಚ್ಚಿನವರು ತಾವೇ ತಯಾರಿಸಿಕೊಳ್ಳಬೇಕಾಗುತ್ತದೆ. ಆ ಪಡಿತರದ ಬೆನ್ನೆಲುಬೇ ಹಾರ್ಡ್‌ಟ್ಯಾಕ್, ಅಂದರೆ ಹಿಟ್ಟು ಮತ್ತು ನೀರಿನಿಂದ ಮಾಡಿ ಕಲ್ಲಿನಂತಾಗುವವರೆಗೆ ಒಣಗಿಸಿದ ಚೌಕಾಕಾರದ ಬಿಸ್ಕತ್ತು. ಅದನ್ನು ಕತ್ತರಿಸುವ ತಗಡಿನ ಅಚ್ಚೊಂದನ್ನು ನಾನು ವರ್ಜೀನಿಯಾದ ಸೀಡರ್ ಕ್ರೀಕ್‌ನಲ್ಲಿ ಅಕ್ಟೋಬರ್‌ನಲ್ಲಿ ನಡೆಯುವ ಮರುಪ್ರದರ್ಶನದ ಮಳಿಗೆಗಳ ಸಾಲಿನಲ್ಲಿ ಕೊಂಡೆ. ಇದೇ ಮಾದರಿಯನ್ನು ಹಲವು ತಗಡು ಕೆಲಸಗಾರರು ಮಾಡಿ ಮಾರುವುದರಿಂದ ಮಾರಿದವರ ಹೆಸರು ಇಲ್ಲಿ ಮುಖ್ಯವಲ್ಲ.

ಅಚ್ಚಿನ ಅಳತೆ ಎಲ್ಲಿಂದ ಬಂದಿದೆ ಎಂಬುದನ್ನು ಮೊದಲು ಹೇಳಬೇಕು. 10ನೇ ಮ್ಯಾಸಚೂಸೆಟ್ಸ್ ಫಿರಂಗಿ ದಳದಲ್ಲಿದ್ದ ಜಾನ್ ಬಿಲ್ಲಿಂಗ್ಸ್ ಎಂಬ ಸೈನಿಕ ತನ್ನ ಸೇನಾ ದಿನಗಳ ಬಗ್ಗೆ 1887ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಯುದ್ಧಕಾಲದಿಂದ ಕಾಪಾಡಿಕೊಂಡು ಬಂದಿದ್ದ ತುಂಡುಗಳನ್ನು ಅಳೆದು ಲೆಕ್ಕ ಕೊಟ್ಟಿದ್ದಾನೆ: 3⅛ ಅಂಗುಲ ಉದ್ದ, 2⅞ ಅಂಗುಲ ಅಗಲ, ಹೆಚ್ಚುಕಡಿಮೆ ಅರ್ಧ ಅಂಗುಲ ದಪ್ಪ. ಕೆಲವು ರೆಜಿಮೆಂಟುಗಳಲ್ಲಿ ಒಂಬತ್ತು, ಕೆಲವದರಲ್ಲಿ ಹತ್ತು ತುಂಡುಗಳನ್ನು ಒಬ್ಬನ ದಿನದ ಪಾಲಾಗಿ ಎಣಿಸಿ ಕೊಡುತ್ತಿದ್ದರೆಂದೂ ಆತ ಬರೆದಿದ್ದಾನೆ. ದಂಡು ಸಾಗುತ್ತಿರುವಾಗ ಒಬ್ಬನಿಗೆ ಗೊತ್ತುಪಡಿಸಿದ್ದ ಗಟ್ಟಿ ರೊಟ್ಟಿ ಒಂದು ಪೌಂಡ್, ಅಂದರೆ 454 ಗ್ರಾಂ. ಭಾಗಿಸಿದರೆ ಒಂದು ತುಂಡು 45ರಿಂದ 50 ಗ್ರಾಂ ತೂಗಬೇಕು. ನಕಲು ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಲು ಅಡುಗೆಮನೆಯ ತಕ್ಕಡಿಗಿಂತ ಒಳ್ಳೆಯ ಸಾಧನ ಬೇರೊಂದಿಲ್ಲ.

ಅಚ್ಚಿನ ಕೆಲಸಗಾರಿಕೆ ಮೆಚ್ಚುವಂತಿದೆ. ಕಲಾಯಿ ತಗಡನ್ನು ನೇರವಾಗಿ ಮಡಚಿ ನಾಲ್ಕು ಮೂಲೆಗಳನ್ನೂ ಲಂಬಕೋನಕ್ಕೆ ತಂದಿದ್ದಾರೆ. ಕೈಗೆ ತಾಗುವ ಮೇಲಂಚನ್ನು ಒಳಗೆ ತಂತಿ ಸೇರಿಸಿ ಸುರುಳಿ ಸುತ್ತಿದ್ದರಿಂದ ಒತ್ತುವಾಗ ಅಂಗೈ ನೋಯುವುದಿಲ್ಲ. ಮೇಲಿನ ತಗಡಿನಲ್ಲಿ ಗಾಳಿ ಹೊರಹೋಗಲು ಎರಡು ಕಿಂಡಿಗಳಿವೆ. ಅವಿಲ್ಲದ ಅಚ್ಚುಗಳಲ್ಲಿ ಕಣಕ ಒಳಗೇ ಕಚ್ಚಿಕೊಂಡು ಬಿಡುತ್ತದೆ. ಬೆಸುಗೆಯಲ್ಲಿ ಸೀಸವಿಲ್ಲ ಎಂದು ಮಾರಾಟಗಾರರು ಬರವಣಿಗೆಯಲ್ಲಿಯೇ ಕೊಟ್ಟಿದ್ದಾರೆ. ತಿನ್ನುವ ಪದಾರ್ಥಕ್ಕೆ ತಾಗುವ ಉಪಕರಣವನ್ನು ಕೊಳ್ಳುವವರು ಈ ಮಾತನ್ನು ಕೇಳದೆ ಹಣ ಕೊಡಬಾರದು, ಏಕೆಂದರೆ ಹಳೆಯ ಕಾಲದ ತಗಡು ಬೆಸುಗೆಯಲ್ಲಿ ಸೀಸ ಸಾಮಾನ್ಯವಾಗಿತ್ತು ಮತ್ತು ‘ಅಸಲಿ ವಿಧಾನ’ದ ಹೆಸರಿನಲ್ಲಿ ಅದನ್ನೇ ಬಳಸುವವರು ಇರಬಹುದು.

ದೋಷ ಇರುವುದು ಒಳಗಿನ ಮೊಳೆಗಳಲ್ಲಿ. ಸಾಲಿಗೆ ನಾಲ್ಕರಂತೆ ಹದಿನಾರು ಮೊಳೆಗಳಿದ್ದು, ಅವು ತಗಡಿನ ಅಂಚಿಗಿಂತ ಸುಮಾರು ಎರಡು ಮಿಲಿಮೀಟರ್ ಗಿಡ್ಡವಾಗಿವೆ. ಹಾರ್ಡ್‌ಟ್ಯಾಕ್‌ನ ತೂತುಗಳು ಅಲಂಕಾರಕ್ಕಲ್ಲ; ಬೇಯುವಾಗ ಹುಟ್ಟುವ ಹಬೆ ಅವುಗಳ ಮೂಲಕ ಹೊರಬೀಳಬೇಕು. ಅವು ತಳದವರೆಗೆ ಇಳಿಯದಿದ್ದರೆ ಬಿಸ್ಕತ್ತು ಪೂರಿಯ ಹಾಗೆ ನಡುವೆ ಉಬ್ಬಿ ಎರಡು ಪದರವಾಗುತ್ತದೆ. ಆದ್ದರಿಂದ ಈ ಅಚ್ಚಿನಲ್ಲಿ ಒತ್ತಿದ ಮೇಲೆ ಪ್ರತಿಯೊಂದು ತೂತಿಗೂ ಬಿದಿರಿನ ಕಡ್ಡಿ ಹಾಕಿ ತಳದವರೆಗೆ ಚುಚ್ಚಬೇಕು. ಒಂದು ದಿನದ ಪಡಿತರಕ್ಕೆ ಅದು ನೂರೈವತ್ತು ಬಾರಿ ಮಾಡುವ ಕೆಲಸವಾಗುತ್ತದೆ, ಮತ್ತು ಅಚ್ಚು ಕೊಂಡದ್ದೇ ಆ ಕೆಲಸ ತಪ್ಪಿಸಿಕೊಳ್ಳಲು. ಇನ್ನೊಂದು ಸೂಕ್ಷ್ಮವೂ ಇದೆ. ತಯಾರಕರು ಬಿಲ್ಲಿಂಗ್ಸ್ ಕೊಟ್ಟ ಅಳತೆಯನ್ನು ಇದ್ದ ಹಾಗೆಯೇ ಅಚ್ಚಿಗೆ ಇಳಿಸಿದ್ದಾರೆ. ಆತ ಅಳೆದದ್ದು ಬೆಂದು ಒಣಗಿದ ಬಿಸ್ಕತ್ತನ್ನು, ಹಸಿ ಕಣಕವನ್ನಲ್ಲ. ಬೆಂದ ಮೇಲೆ ತುಂಡು ಪ್ರತಿ ಬದಿಯಲ್ಲೂ ಮೂರು ಮಿಲಿಮೀಟರಿನಷ್ಟು ಕುಗ್ಗುತ್ತದೆ. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಟ್ಟು ಅನಂತರ ಲಟ್ಟಿಸಿದರೆ ಈ ಕುಗ್ಗುವಿಕೆ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಅಚ್ಚಿನ ಜೊತೆ ಬರುವ ಪಾಕವಿಧಾನದ ಚೀಟಿಯ ಬಗ್ಗೆ ಸಂಯಮದಿಂದ ಬರೆಯುವುದು ಕಷ್ಟ. ಅದರಲ್ಲಿ ಎರಡು ಚಮಚ ಕೊಬ್ಬು, ಅರ್ಧ ಚಮಚ ಬೇಕಿಂಗ್ ಪೌಡರ್ ಮತ್ತು ಚಿಟಿಕೆ ಸಕ್ಕರೆ ಸೇರಿಸಲು ಹೇಳಲಾಗಿದೆ. ಕೊಬ್ಬು ಸೇರಿದ ಬಿಸ್ಕತ್ತು ಬೇಗ ಕಮಟು ವಾಸನೆ ಹಿಡಿಯುತ್ತದೆ, ಬೇಕಿಂಗ್ ಪೌಡರ್ ಸೇರಿದ್ದು ಮೆತ್ತಗಾಗಿ ಚೀಲದಲ್ಲಿ ಪುಡಿಯಾಗುತ್ತದೆ. ಬಿಲ್ಲಿಂಗ್ಸ್ ಇದನ್ನು ಬರಿಯ ಹಿಟ್ಟು-ನೀರಿನ ಬಿಸ್ಕತ್ತು ಎಂದೇ ಕರೆದಿದ್ದಾನೆ. ನನ್ನ ಮಟ್ಟಿಗೆ ಮೂರು ಪಾಲು ಹಿಟ್ಟಿಗೆ ತೂಕದಲ್ಲಿ ಒಂದು ಪಾಲು ನೀರು ಸಾಕು. ಕಣಕ ಲಟ್ಟಣಿಗೆಗೆ ಸುಲಭವಾಗಿ ಮಣಿಯದಷ್ಟು ಗಟ್ಟಿಯಾಗಿದ್ದರೇ ಸರಿಯಾದ ಹದ. ಉಪ್ಪು ತೇವವನ್ನು ಎಳೆಯುವುದರಿಂದ ಅದನ್ನೂ ಹಾಕುವುದಿಲ್ಲ.

ಹಿಟ್ಟಿನ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಉಕ್ಕಿನ ರೋಲರ್ ಗಿರಣಿಗಳು ಅಮೆರಿಕದಲ್ಲಿ ಹರಡಿದ್ದು ಅಂತರ್ಯುದ್ಧ ಮುಗಿದ ಮೇಲೆ. ಅದಕ್ಕೆ ಮುಂಚಿನ ಹಿಟ್ಟು ಕಲ್ಲಿನಲ್ಲಿ ಬೀಸಿ ಜರಡಿ ಹಿಡಿದದ್ದು. ಆದ್ದರಿಂದ ಇಂದಿನ ಬಿಳಿ ಮೈದಾ ಒಂದನ್ನೇ ಬಳಸಿದರೆ ಬಣ್ಣ ತೀರ ಬಿಳಿಚಿಕೊಂಡು ರುಚಿ ಸಪ್ಪೆಯಾಗುತ್ತದೆ. ಭಾರತೀಯ ದಿನಸಿ ಅಂಗಡಿಯ ಚಕ್ಕಿ ಗೋಧಿ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು, ತೌಡು ತೆಗೆದು, ಮೈದಾಕ್ಕೆ ಮೂರನೆಯ ಒಂದು ಭಾಗದಷ್ಟು ಬೆರೆಸಿದರೆ ತೆಳು ಕೆನೆ ಬಣ್ಣ ಬರುತ್ತದೆ. ಚಕ್ಕಿ ಹಿಟ್ಟು ನೀರನ್ನು ಹೆಚ್ಚು ಕುಡಿಯುವುದರಿಂದ ಒಂದೆರಡು ಚಮಚ ನೀರು ಜಾಸ್ತಿ ಬೇಕಾಗಬಹುದು.

ನಕಲಿನ ಯೋಗ್ಯತೆ ನಿರ್ಧಾರವಾಗುವುದು ಒಣಗಿಸುವ ಹಂತದಲ್ಲಿ, ಮತ್ತು ಚೀಟಿ ಅದರ ಬಗ್ಗೆ ಒಂದು ಸಾಲನ್ನೂ ಹೇಳುವುದಿಲ್ಲ. 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೊಂದು ಬದಿಗೆ ಅರ್ಧ ಗಂಟೆ ಬೇಯಿಸಿ ಎಂದಷ್ಟೇ ಅದರಲ್ಲಿದೆ. ಹಾಗೆ ಮಾಡಿದರೆ ಮೇಲ್ಮೈ ಕಂದಾಗಿ ಗಟ್ಟಿ ಕಟ್ಟಿಕೊಳ್ಳುತ್ತದೆ, ಒಳಗಿನ ನೀರು ಅಲ್ಲೇ ಉಳಿಯುತ್ತದೆ. ನೋಡಲು ಸರಿಯಾಗಿರುವ ಬಿಸ್ಕತ್ತು ಡಬ್ಬಿಯಲ್ಲಿ ಬೂಷ್ಟು ಹಿಡಿಯುವುದು ಈ ಕಾರಣಕ್ಕೆ. ನಾನು 160 ಡಿಗ್ರಿಯಲ್ಲಿ ಒಂದು ಗಂಟೆ, ನಡುವೆ ಒಮ್ಮೆ ಮಗುಚಿ, ಬೇಯಿಸುತ್ತೇನೆ. ಅನಂತರ ಶಾಖವನ್ನು 95 ಡಿಗ್ರಿಗೆ ಇಳಿಸಿ ನಾಲ್ಕು ಗಂಟೆ ಬಿಟ್ಟು, ಓವನ್ ಆರಿಸಿದ ಮೇಲೂ ರಾತ್ರಿಯಿಡೀ ಒಳಗೇ ಇಡುತ್ತೇನೆ. ಬೆಳಿಗ್ಗೆ ಒಂದನ್ನು ತೂಗಬೇಕು: 55 ಗ್ರಾಂ ಇದ್ದರೆ ನೀರು ಇನ್ನೂ ಇದೆ ಎಂದೇ ಲೆಕ್ಕ, ಮತ್ತೆ ಓವನ್‌ಗೆ, 48ರ ಆಸುಪಾಸಿಗೆ ಬಂದರೆ ಆಯಿತು. ಒಣಗಿದ ತುಂಡನ್ನು ಮೇಜಿಗೆ ಬಡಿದರೆ ಹೆಂಚಿನ ಸದ್ದು ಬರುತ್ತದೆ, ಮುರಿದಾಗ ಬಿರುಕು ಒಂದೇ ಏಟಿಗೆ ಓಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ತಿನ್ನುವ ವಿಧಾನದಲ್ಲೂ ಅಂದಿನ ಸೈನಿಕರನ್ನೇ ಅನುಸರಿಸುವುದು ಹಲ್ಲಿಗೆ ಕ್ಷೇಮ. ಬಂದೂಕಿನ ಹಿಡಿಯಿಂದ ಕುಟ್ಟಿ ಬಿಸಿ ಕಾಫಿಗೆ ಹಾಕಿದರೆ ಕೆಲವು ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಅಂದು ಅದರೊಳಗಿನ ಹುಳುಗಳು ಕಾಫಿಯಲ್ಲಿ ತೇಲಿಬರುತ್ತಿದ್ದವು, ಅವನ್ನು ಚಮಚದಿಂದ ತೆಗೆದು ಕುಡಿಯುತ್ತಿದ್ದರು. ನಕಲಿನಲ್ಲಿ ಇಷ್ಟು ನಿಷ್ಠೆ ಬೇಕಿಲ್ಲ. ತಣ್ಣೀರಿನಲ್ಲಿ ನೆನೆಸಿ ಹಂದಿಯ ಕೊಬ್ಬಿನಲ್ಲಿ ಹುರಿಯುವುದು ಅವರ ಇನ್ನೊಂದು ಪದ್ಧತಿ. ನಾನು ಮನೆಯಲ್ಲಿ ತುಪ್ಪದಲ್ಲಿ ಹುರಿಯುತ್ತೇನೆ, ಬಹಳ ರುಚಿಯಾಗಿರುತ್ತದೆ, ಆದರೆ ಅದು 1863ರ ಊಟವೆಂದು ಯಾರಿಗೂ ಹೇಳುವುದಿಲ್ಲ. ಪ್ರದರ್ಶನ ನೋಡಲು ಬಂದ ಮಕ್ಕಳಿಗೆ ಕೊಡುವುದಾದರೆ ನೆನೆಸಿದ ಚೂರನ್ನೇ ಕೊಡಬೇಕು, ಮತ್ತು ಇದು ಪೂರ್ತಿ ಗೋಧಿ ಎಂಬುದನ್ನು ಹೆತ್ತವರಿಗೆ ಮೊದಲೇ ತಿಳಿಸಬೇಕು.

30 ಡಾಲರಿನೊಳಗಿನ ಬೆಲೆಗೆ ಇದು ನ್ಯಾಯವಾದ ವಸ್ತು. ಒಕ್ಕೂಟ ಸೇನೆಯ ತಂಡಕ್ಕಾಗಿ ರಾಶಿಗಟ್ಟಲೆ ಮಾಡುವವರು ಕೊಳ್ಳಬಹುದು, ಉದ್ದ ಮೊಳೆ ಹಾಕಿಕೊಡಲು ತಯಾರಕರನ್ನು ಮೊದಲೇ ಕೇಳಿದರೆ ಇನ್ನೂ ಉತ್ತಮ. ವರ್ಷಕ್ಕೊಮ್ಮೆ ಹತ್ತು ತುಂಡು ಮಾಡುವವರಿಗೆ ಅಳತೆಪಟ್ಟಿ, ಚಾಕು ಮತ್ತು ಬಿದಿರಿನ ಕಡ್ಡಿ ಸಾಕು. ದಕ್ಷಿಣದ ಸೈನಿಕನ ಪಾತ್ರ ವಹಿಸುವವರಿಗಂತೂ ಇದರ ಅಗತ್ಯ ಕಡಿಮೆ. ಅವರ ಚೀಲದಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟು.