ಪ್ರೈವೇಟ್ ಮೆಥಡ್ ಮಾಕ್ ಮಾಡಲು ಪವರ್‌ಮಾಕ್ ಬೇಕೇ?

ಜಾವಾದಲ್ಲಿ ಬಿಲ್ ಲೆಕ್ಕ ಹಾಕುವ ಕ್ಲಾಸ್ ಒಂದಿದೆ ಅನ್ನಿ. ಅದರೊಳಗಿನ ಪ್ರೈವೇಟ್ ಮೆಥಡ್ ನೆಟ್‌ವರ್ಕ್‌ನಿಂದ ಡಾಲರ್ ದರ ತರುತ್ತದೆ. ಟೆಸ್ಟ್ ಓಡುವಾಗ ಆ ಕರೆ ಹೋಗಬಾರದು, ಬದಲಿಗೆ ನಕಲಿ ಉತ್ತರ ಸಿಗಬೇಕು; ಮಾಕ್ ಮಾಡುವುದೆಂದರೆ ಇದೇ. ಮಾಕ್ ಮಾಡುವ ಲೈಬ್ರರಿ ಮಾಕಿಟೊ ಪ್ರೈವೇಟ್ ಮೆಥಡ್ ಮುಟ್ಟುವುದೇ ಇಲ್ಲ. ಉಳಿದ ದಾರಿಗಳಲ್ಲಿ ನನ್ನ ಓಟು ಯಾವುದಕ್ಕೆಂದು ಮೊದಲೇ ಹೇಳಿಬಿಡುತ್ತೇನೆ: ದರ ತರುವ ಕೆಲಸವನ್ನು ಬೇರೆ ಕ್ಲಾಸಿಗೆ ಎತ್ತಿ, ಕನ್‌ಸ್ಟ್ರಕ್ಟರ್‌ನಲ್ಲಿ ಕೊಡುವುದು.

ಪ್ರೈವೇಟ್ ಮೆಥಡನ್ನೂ ಮಾಕ್ ಮಾಡಬಲ್ಲ ಲೈಬ್ರರಿ ಪವರ್‌ಮಾಕ್. ಮೊದಲ ನೋಟಕ್ಕೆ ಅದರಷ್ಟು ಸಲೀಸು ಯಾವುದೂ ಅಲ್ಲ. ಮೂಲ ಕೋಡ್ ಮುಟ್ಟಬೇಕಿಲ್ಲ, ಮೆಥಡ್ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ಆಯಿತು. ತಲೆನೋವು ಶುರುವಾಗುವುದು ಕವರೇಜ್ ವರದಿ (ಟೆಸ್ಟ್‌ಗಳಲ್ಲಿ ಕೋಡ್‌ನ ಎಷ್ಟು ಭಾಗ ಓಡಿತೆಂಬ ಲೆಕ್ಕ) ತೆರೆದಾಗ. ಟೆಸ್ಟ್‌ಗಳೆಲ್ಲ ಹಸಿರು, ಆದರೆ ಪವರ್‌ಮಾಕ್‌ನ ಪ್ರಿಪೇರ್‌ಫಾರ್‌ಟೆಸ್ಟ್ ಅನೋಟೇಶನ್‌ನಲ್ಲಿ ಹೆಸರಿಸಿದ ಕ್ಲಾಸಿಗೆ, ಕವರೇಜ್ ಎಣಿಸುವ ಜಕೋಕೊ ತೋರಿಸುವುದು ಸೊನ್ನೆ. ಜಕೋಕೊ ಏಜೆಂಟ್ ತನ್ನ ಎಣಿಕೆಯ ಗುರುತುಗಳನ್ನು ಸೇರಿಸುವುದು ಕ್ಲಾಸ್ ಲೋಡ್ ಆಗುವಾಗ. ಪವರ್‌ಮಾಕ್ ತನ್ನದೇ ಕ್ಲಾಸ್‌ಲೋಡರ್ ಇಟ್ಟುಕೊಂಡು ಡಿಸ್ಕ್‌ನಲ್ಲಿರುವ ಫೈಲನ್ನೇ ಮತ್ತೆ ಓದುತ್ತದೆ, ಗುರುತುಗಳು ಮಾಯ.

ಪರಿಹಾರ ಇದೆ: ಬಿಲ್ಡ್ ಸಾಧನ ಮೇವನ್‌ನಲ್ಲಿ ಟೆಸ್ಟ್‌ಗೆ ಮುಂಚೆ ಜಕೋಕೊದ ಇನ್‌ಸ್ಟ್ರುಮೆಂಟ್ ಗೋಲ್ (ಡಿಸ್ಕ್‌ನ ಫೈಲಿನಲ್ಲೇ ಗುರುತು ಸೇರಿಸುವ ಹಂತ), ಆಮೇಲೆ ರಿಸ್ಟೋರ್-ಇನ್‌ಸ್ಟ್ರುಮೆಂಟೆಡ್-ಕ್ಲಾಸಸ್ (ಮೂಲ ಫೈಲನ್ನು ಮರಳಿಸುವ ಹಂತ), ಜೊತೆಗೆ ಏಜೆಂಟ್‌ನ ರನ್‌ಟೈಮ್ ಜಾರ್. ರಿಸ್ಟೋರ್ ಬಿಟ್ಟುಹೋದರೆ ತಿದ್ದಿದ ಕ್ಲಾಸುಗಳೇ ಪ್ಯಾಕೇಜ್ ಆಗಿ ಸರ್ವರ್‌ಗೆ ಹೋಗುತ್ತವೆ, ಅಲ್ಲಿ ನೋಕ್ಲಾಸ್‌ಡೆಫ್‌ಫೌಂಡ್‌ಎರರ್, ಅಂದರೆ ಬೇಕಾದ ಕ್ಲಾಸ್ ಸಿಗದ ದೋಷ. ಒಂದು ಮೆಥಡ್ ಅಡಗಿಸಿಡಲು ಇಷ್ಟೆಲ್ಲ ಸರ್ಕಸ್! ಇದರ ಮೇಲೆ ಪವರ್‌ಮಾಕ್‌ನ 2.0.9 ಆವೃತ್ತಿ ಬಂದದ್ದು 2020ರಲ್ಲಿ, ಟೆಸ್ಟ್ ಓಡಿಸುವ ರನ್ನರ್ ಹಳೆಯ ಜೆಯೂನಿಟ್ 4ರದ್ದು, ಜಾವಾ 17ರಲ್ಲಿ ಜಾವಾದ ಒಳಭಾಗ ತೆರೆದುಕೊಡುವ ಆ್ಯಡ್-ಓಪನ್ಸ್ ಆಯ್ಕೆಗಳ ಸಾಲು ಬೇರೆ.

ರಿಫ್ಲೆಕ್ಷನ್ (ಓಡುವಾಗ ಕ್ಲಾಸಿನ ಒಳಭಾಗಕ್ಕೆ ಕೈಹಾಕುವ ಜಾವಾ ಸೌಲಭ್ಯ): ಪ್ರೈವೇಟ್ ಫೀಲ್ಡ್‌ಗೆ ಬೆಲೆ ತುಂಬಲು ಸರಿ, ಮೆಥಡ್ ಬದಲಿಸಲು ಆಗದು.

ಪ್ರೈವೇಟ್ ಪದ ಅಳಿಸಿ ಪ್ಯಾಕೇಜ್ ಮಟ್ಟಕ್ಕೆ ತಂದು ಮಾಕಿಟೊದ ಸ್ಪೈ (ನಿಜವಾದ ಆಬ್ಜೆಕ್ಟ್ ಇಟ್ಟುಕೊಂಡೇ ಬೇಕಾದ ಮೆಥಡ್ ಮಾತ್ರ ಬದಲಿಸುವುದು) ಹಾಕುವುದು ಹಳೆಯ ಕೋಡ್‌ಗೆ ಒಳ್ಳೆಯ ರಾಜಿ. ಟೆಸ್ಟ್ ಕ್ಲಾಸ್ ಅದೇ ಪ್ಯಾಕೇಜ್‌ನಲ್ಲಿರಲಿ. ವೆನ್–ದೆನ್‌ರಿಟರ್ನ್ ಬರೆದರೆ ಆ ಸಾಲಿನಲ್ಲೇ ನಿಜವಾದ ಮೆಥಡ್ ಓಡಿ ನೆಟ್‌ವರ್ಕ್ ಕರೆ ಹೋಗಿಬಿಡುತ್ತದೆ, ಡೂರಿಟರ್ನ್–ವೆನ್ ಬಳಸಿ. ಒಂದೇ ದಿನದ ಸಮಯವಿದ್ದರೆ ಇದನ್ನೇ ಮಾಡುತ್ತೇನೆ.

ಎರಡು ದಿನ ಸಿಕ್ಕರೆ ಬೇರೆ ಕ್ಲಾಸೇ. ದರ ಕೊಡುವ ಇಂಟರ್‌ಫೇಸ್‌ಗೆ ಒಂದೇ ಮೆಥಡ್ ಇಟ್ಟರೆ ಟೆಸ್ಟ್‌ನಲ್ಲಿ 83.50 ಹಿಂತಿರುಗಿಸುವ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಸಾಕು, ಮಾಕ್ ಲೈಬ್ರರಿಯೇ ಬೇಡ. ಹಳೆಯ ಕನ್‌ಸ್ಟ್ರಕ್ಟರ್ ಅಳಿಸಬೇಡಿ. ಅದು ನಿಜವಾದ ದರದ ಕ್ಲಾಸನ್ನು ಹೊಸ ಕನ್‌ಸ್ಟ್ರಕ್ಟರ್‌ಗೆ ದಾಟಿಸಲಿ, ಕರೆಯುವ ಕಡೆಯ ಕೋಡ್ ಇದ್ದಂತೆಯೇ ಇರುತ್ತದೆ.