ಇಬಿಜಾಗೆ ಮೊದಲ ಸಲ ಹೋಗುವವರು ಎಲ್ಲಿ ಉಳಿಯಬೇಕು? ಮೂರು ಊರುಗಳ ಹೋಲಿಕೆ

ಇಬಿಜಾ ಟ್ರಿಪ್ ಅಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಯಾವ ಕ್ಲಬ್ಬಲ್ಲಿ ಯಾವ ಡಿಜೆ ಇದ್ದಾರೆ ಅಂತ. ರೂಮು ಕೊನೆಗೆ, ಎಲ್ಲಿ ಅಗ್ಗ ಸಿಕ್ಕರೆ ಅಲ್ಲಿ. ನಾನಾದರೆ ಮೊದಲು ಉಳಿಯುವ ಊರನ್ನೇ ಆರಿಸುತ್ತೇನೆ. ಸ್ಪೇನಿಗೆ ಸೇರಿದ ಈ ದ್ವೀಪ ಚಿಕ್ಕದು, 571 ಚದರ ಕಿಲೋಮೀಟರ್ ಅಷ್ಟೇ. ನಕ್ಷೆ ನೋಡಿದರೆ ಎಲ್ಲಿದ್ದರೇನು ಅನಿಸುತ್ತದೆ. ಆದರೆ ಬೆಳಗಿನ ಐದೂವರೆಗೆ ಕ್ಲಬ್ಬಿನಿಂದ ಹೊರಗೆ ಬಂದು, ಕಿವಿ ಗುಂಯ್ ಅನ್ನುತ್ತಿರುವಾಗ ಟ್ಯಾಕ್ಸಿಗೆ ನಿಂತ ಸಾಲು ನೋಡಿದರೆ ಹದಿನೈದು ಕಿಲೋಮೀಟರ್ ಕೂಡ ಬಹಳ ದೂರ. ರಾತ್ರಿ ಮುಗಿದ ಮೇಲೆ ರೂಮಿಗೆ ಹೇಗೆ ಬರುತ್ತೀರಿ, ಮಾರನೇ ದಿನ ಎದ್ದು ಏನು ಮಾಡುತ್ತೀರಿ? ಈ ಎರಡು ಪ್ರಶ್ನೆ ಇಟ್ಟುಕೊಂಡೇ ನಾನು ಉಳಿದು ನೋಡಿದ ಮೂರು ಊರುಗಳ ಬಗ್ಗೆ ಹೇಳುತ್ತೇನೆ.

ಮೊದಲು ಸಾಂತ್ ಅಂಟೋನಿ. ಇಂಗ್ಲಿಷಿನವರು ಸ್ಯಾನ್ ಅಂಟೋನಿಯೊ ಅನ್ನುತ್ತಾರೆ. ದ್ವೀಪದ ಪಶ್ಚಿಮಕ್ಕಿದೆ, ಹಾಗಾಗಿ ಸೂರ್ಯ ನೇರ ಕಡಲೊಳಗೇ ಮುಳುಗುತ್ತಾನೆ. ಇಲ್ಲಿನ ಕೆಫೆ ಡೆಲ್ ಮಾರ್ ಶುರುವಾಗಿದ್ದು 1980ರಲ್ಲಿ. ಆಮೇಲೆ ಅದರ ಸಾಲಿನಲ್ಲೇ ಇನ್ನಷ್ಟು ಕೆಫೆಗಳು ಬಂದವು. ಅದರ ಮುಂದೆ ಕಡಲಂಚಿಗೆ ಒರಟು ಬಂಡೆಗಳಿವೆ. ಜೂನ್, ಜುಲೈನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಎಂಟರ ಹೊತ್ತಿಗೇ ಬಂಡೆಗಳ ಮೇಲೆ ಜನ ಒತ್ತೊತ್ತಾಗಿ ಕೂತಿರುತ್ತಾರೆ. ಬೆನ್ನ ಹಿಂದೆ ಕೆಫೆಯ ಡಿಜೆ ನಿಧಾನದ ಹಾಡು ಹಾಕುತ್ತಿರುತ್ತಾರೆ. ಕೆಂಪು ಚೂರು ನೀರಿಗೆ ಇಳಿದು ಮಾಯವಾದ ಕ್ಷಣ ಇಡೀ ತೀರ ಚಪ್ಪಾಳೆ ತಟ್ಟುತ್ತದೆ. ಕೆಫೆಯ ಮೇಜಿಗೆ ಕೂತರೆ ದುಡ್ಡು ಜಾಸ್ತಿ. ಬಂಡೆಯ ಮೇಲೆ ಕೂತರೆ ಅದೇ ಹಾಡು, ಅದೇ ಸೂರ್ಯ, ಖರ್ಚಿಲ್ಲ. ಮೂರೂ ಊರುಗಳಲ್ಲಿ ನನಗೆ ತುಂಬಾ ಇಷ್ಟವಾದ ಸಂಜೆ ಇದೇ.

ರೂಮಿನ ಬಾಡಿಗೆ ಮೂರರಲ್ಲಿ ಸಾಮಾನ್ಯವಾಗಿ ಇಲ್ಲೇ ಕಮ್ಮಿ. ಬ್ರಿಟನ್ನಿನ ಹುಡುಗ ಹುಡುಗಿಯರ ದಂಡು ಬರುವುದೂ ಇಲ್ಲಿಗೇ. ವೆಸ್ಟ್ ಎಂಡ್ ಅನ್ನುವ ಬಾರ್‌ಗಳ ಬೀದಿ ಮಧ್ಯರಾತ್ರಿ ಗಿಜಿಗಿಜಿ ಅನ್ನುತ್ತದೆ. ಪಿರಮಿಡ್ ಆಕಾರದ ಎಸ್ ಪರಾದಿಸ್ ಕ್ಲಬ್ 1975ರಿಂದ ಇದೆ, ಊರೊಳಗಿಂದ ನಡೆದೇ ಹೋಗಬಹುದು. ಆದರೆ ಜನ ಹೆಸರು ಹೇಳಿಕೊಂಡು ಬರುವ ಉಳಿದ ದೊಡ್ಡ ಕ್ಲಬ್ಬುಗಳು ಇಲ್ಲಿಲ್ಲ. ಕೆಲವು ಅರ್ಧ ದಾರಿಯ ಸಾಂತ್ ರಫೆಲ್‌ನಲ್ಲಿ, ಉಳಿದವು ದ್ವೀಪದ ಆ ಕಡೆ. ಬೇಸಿಗೆಯಲ್ಲಿ ರಾತ್ರಿ ಓಡುವ ಡಿಸ್ಕೊಬಸ್ ಇದೆ, ಅದೊಂದು ದೊಡ್ಡ ಉಪಕಾರ.

ಇಲ್ಲಿ ಕೆಲವು ಕಟ್ಟುನಿಟ್ಟು ಗೊತ್ತಿರಲಿ. ಇಬಿಜಾ ಸೇರಿರುವ ಬಾಲಿಯಾರಿಕ್ ದ್ವೀಪಗಳ ಸರ್ಕಾರ 2020ರಲ್ಲಿ ತಂದ ಕಾನೂನಿನ ಪ್ರಕಾರ ಸಾಂತ್ ಅಂಟೋನಿಯ ಕೆಲವು ಭಾಗಗಳಲ್ಲಿ ಕಮ್ಮಿ ಬೆಲೆಗೆ ಕುಡಿಸುವ ಹ್ಯಾಪಿ ಅವರ್, ಬಾರಿಂದ ಬಾರಿಗೆ ಕರೆದೊಯ್ಯುವ ಪಬ್ ಕ್ರಾಲ್ ಎಲ್ಲ ಬಂದ್. ಹೋಟೆಲಿನಲ್ಲಿ ಊಟ, ಕುಡಿತ ಎಲ್ಲ ಸೇರಿದ ಪ್ಯಾಕೇಜ್ ತಗೊಂಡರೂ ದಿನಕ್ಕೆ ಆರೇ ಡ್ರಿಂಕ್ಸ್, ಮಧ್ಯಾಹ್ನದ ಊಟಕ್ಕೆ ಮೂರು, ರಾತ್ರಿಯ ಊಟಕ್ಕೆ ಮೂರು. ಆ ಭಾಗದ ಅಂಗಡಿಗಳಲ್ಲಿ ರಾತ್ರಿ 9.30ರಿಂದ ಬೆಳಗ್ಗೆ 8ರವರೆಗೆ ಮದ್ಯ ಮಾರುವಂತಿಲ್ಲ. 2024ರಲ್ಲಿ ಬೀದಿಯಲ್ಲಿ ಕುಡಿಯುವುದಕ್ಕೂ 750ರಿಂದ 1,500 ಯೂರೋ ದಂಡ ಇಟ್ಟರು. ಅಲ್ಲಿ ವರ್ಷವಿಡೀ ಬದುಕುವವರ ನಿದ್ದೆಯ ಪ್ರಶ್ನೆ ಇದು. ನನಗಂತೂ ಈ ನಿಯಮ ಸರಿ ಅನಿಸಿತು.

ಎರಡನೆಯದು ಪ್ಲಾಯಾ ಡೆನ್ ಬೊಸ್ಸಾ. ದ್ವೀಪದಲ್ಲೇ ಉದ್ದವಾದ ಮರಳ ತೀರ. ಪಾರ್ಟಿಯೇ ಟ್ರಿಪ್ಪಿನ ಉದ್ದೇಶವಾದರೆ ಇದಕ್ಕಿಂತ ಸಲೀಸು ಜಾಗ ಇಲ್ಲ. ಉಶುವಾಯಾ ಒಂದು ಹೋಟೆಲ್. ಅದರ ಈಜುಕೊಳದ ಸುತ್ತ, ಆಕಾಶದ ಕೆಳಗೇ ಪಾರ್ಟಿ. ಮಧ್ಯಾಹ್ನ ಇಳಿಹೊತ್ತಿಗೆ ಶುರು, ಮಧ್ಯರಾತ್ರಿಯೊಳಗೆ ಮುಗಿಯುತ್ತದೆ. ಅದು ಮುಗಿದ ಮೇಲೆ ಜನ ರಸ್ತೆ ದಾಟಿ ಎದುರಿಗಿರುವ ಹೈ ಕ್ಲಬ್ಬಿಗೆ ಹೋಗುತ್ತಾರೆ. 2016ರಲ್ಲಿ ಮುಚ್ಚಿದ ಸ್ಪೇಸ್ ಇದ್ದ ಜಾಗದಲ್ಲಿ 2017ರಲ್ಲಿ ತೆರೆದದ್ದು ಇದು. ರೂಮು ಹತ್ತಿರವೇ ಇದ್ದರೆ ಟ್ಯಾಕ್ಸಿಯ ಮಾತೇ ಇಲ್ಲ.

ತೊಂದರೆ ಹಗಲಿನದು. ಮಧ್ಯಾಹ್ನ ನಾಲ್ಕಕ್ಕೆ ಕಣ್ಣು ಮುಚ್ಚೋಣ ಅಂದರೆ ಗೋಡೆಯಿಂದಲೇ ಬಾಸ್ ಬರುತ್ತದೆ. ದಿಂಬಿಗೆ ಕಿವಿ ಒತ್ತಿದರೂ ಧಕ್ ಧಕ್ ಕೇಳುತ್ತದೆ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಚಕ್ರ ಬಿಟ್ಟುಕೊಂಡ ವಿಮಾನಗಳು ಒಂದರ ಹಿಂದೆ ಒಂದು ಕಾಣುತ್ತವೆ. ತೀರದ ಹಾಸಿಗೆ ಕುರ್ಚಿಗೂ ಬಾಡಿಗೆ, ಮುಂದಿನ ಸಾಲಿಗೆ ಇನ್ನೂ ಜಾಸ್ತಿ. ಊರು ಅನ್ನುವಂಥ ಊರೇ ಇಲ್ಲ, ಹೋಟೆಲು, ಬಾರು, ಸೂಪರ್ ಮಾರ್ಕೆಟ್ ಅಷ್ಟೇ. ದೂರದಿಂದ ಬಂದು ಸ್ಪೇನಿನ ಊರೊಂದನ್ನೂ ನೋಡದೆ ವಾಪಸ್ ಹೋಗುವುದು ನನಗೆ ಬೇಸರದ ವಿಷಯ.

ಮೂರನೆಯದು ಇಬಿಜಾ ಟೌನ್. ಬೋರ್ಡಿನಲ್ಲಿ, ಬಸ್ಸಿನ ಮೇಲೆ ಕ್ಯಾಟಲನ್ ಹೆಸರು ಎಯ್‌ವಿಸ್ಸಾ ಅಂತ ಇರುತ್ತದೆ. ಗುಡ್ಡದ ಮೇಲೆ ಕೋಟೆ, ಅದರೊಳಗೆ ಹಳೇ ಊರು ದಾಲ್ತ್ ವಿಲಾ, ಕೆಳಗೆ ಬಂದರು. ಯುನೆಸ್ಕೊ 1999ರಲ್ಲಿ ಈ ಕೋಟೆಯ ಜೊತೆ ಫಿನೀಷಿಯನ್ನರ ಕಾಲದ ಜಾಗಗಳನ್ನೂ ಕಡಲ ತಳದ ಪೊಸಿಡೋನಿಯಾ ಹುಲ್ಲುಗಾವಲನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ನೀರು ಅಷ್ಟು ತಿಳಿಯಾಗಿ, ತಳದ ಕಲ್ಲು ಎಣಿಸುವ ಹಾಗೆ ಕಾಣುವುದರಲ್ಲಿ ಆ ಹುಲ್ಲಿನದು ದೊಡ್ಡ ಪಾಲು.

ಅಕ್ಕ ಒಮ್ಮೆ ಜೊತೆಗೆ ಬಂದಿದ್ದಳು. ಅವಳಿಗೆ ಕ್ಲಬ್ ಬೇಡ, ನನಗೆ ಬೇಕು. ಇಬ್ಬರಿಗೂ ಹೊಂದುವ ಊರು ಇದೊಂದೇ ಆಯಿತು. ಬೆಳಗ್ಗೆ ಅವಳು ಪೋರ್ತಾಲ್ ದೆ ಸೆಸ್ ತಾವುಲೆಸ್ ಅನ್ನುವ ಹೆಬ್ಬಾಗಿಲಿನಿಂದ ಒಳಗೆ ಹೋಗಿ, ತುದಿಯ ಚರ್ಚಿನವರೆಗೆ ಹತ್ತಿ ಬರುತ್ತಿದ್ದಳು. ಅಲ್ಲಿಂದ ಫೋರ್ಮೆಂತೇರಾ ದ್ವೀಪ ಕಾಣುತ್ತದೆ. ಓಣಿಯ ಕಲ್ಲುಗಳು ನಡೆದು ನಡೆದು ನುಣುಪಾಗಿವೆ. ಹೀಲ್ಸ್ ಹಾಕಬೇಡಿ, ರಬ್ಬರ್ ಅಡಿಯ ಚಪ್ಪಲಿಯೇ ಸರಿ. ಸೂಟ್‌ಕೇಸ್ ಎಳೆದುಕೊಂಡು ಹತ್ತುವುದು ಕಷ್ಟ, ಆದ್ದರಿಂದ ಕೋಟೆಯೊಳಗಿನ ಹೋಟೆಲ್ ಮೊದಲ ಸಲಕ್ಕೆ ಬೇಡ. ನಾನು ರಾತ್ರಿ ಬಂದರನ್ನು ಬಳಸಿಕೊಂಡು ಪಾಚಾಕ್ಕೆ ನಡೆದೇ ಹೋಗುತ್ತಿದ್ದೆ. 1973ರಿಂದ ಇರುವ ಕ್ಲಬ್ ಅದು, ಬಿಳಿ ಗೋಡೆಯ ತೋಟದ ಮನೆಯ ಹಾಗೆ ಶುರುವಾಗಿದ್ದು. ವಾಪಸ್ಸೂ ನಡೆದೇ. ಬೆಳಕು ಹರಿಯುವ ಹೊತ್ತಿಗೆ ಬೇಕರಿ ತೆರೆದಿದ್ದರೆ ಎನ್ಸಾಯ್ಮಾದಾ ಅನ್ನುವ ಬಿಸಿ ಸುರುಳಿ ಬನ್ನು ಸಿಗುತ್ತದೆ. ಆದರೆ ಅದರ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ, ಸಸ್ಯಾಹಾರಿಗಳು ಫ್ಲಾವೊ ಕೇಳಿ, ಅದಕ್ಕೂ ಆ ಕೊಬ್ಬು ಹಾಕಿಲ್ಲ ತಾನೇ ಅಂತ ವಿಚಾರಿಸಿಕೊಳ್ಳಿ. ಗಿಣ್ಣಿನ ಹಾಗಿರುವ ಚೀಸು, ಪುದೀನ ಹಾಕಿ ಮಾಡುವ ಸಿಹಿ. ಅದರಲ್ಲಿ ಮೊಟ್ಟೆ ಇರುತ್ತದೆ.

ಊಟದ ಮಾತು ಬಂತು ಅಂತ ಹೇಳಿಬಿಡುತ್ತೇನೆ. ಮೆನುವಿನಲ್ಲಿ ಸಲಾಡ್ ಅಂತಿದ್ದರೂ ಮೇಲೆ ಟ್ಯೂನಾ ಮೀನು ಹಾಕಿ ತರುತ್ತಾರೆ. "ಸಿನ್ ಕಾರ್ನೆ, ಸಿನ್ ಪೆಸ್ಕಾದೊ" ಅಂದರೆ ಮಾಂಸ ಬೇಡ, ಮೀನು ಬೇಡ. ಹುರಿದು ಉಪ್ಪು ಉದುರಿಸಿದ ಪದ್ರೋನ್ ಮೆಣಸಿನಕಾಯಿ, ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ಡು, ಗಾಸ್ಪಾಚೊ ಅನ್ನುವ ತಣ್ಣನೆ ಟೊಮೆಟೊ ಸೂಪು, ಇಷ್ಟರಲ್ಲಿ ನಾವು ಹೊಟ್ಟೆ ತುಂಬಿಸಿಕೊಂಡಿದ್ದೇವೆ.

ಇಬಿಜಾ ಟೌನಿನ ಕೊರತೆ ಎರಡು. ಬಂದರಿನ ಹತ್ತಿರ ಬಾಡಿಗೆ ಜಾಸ್ತಿ, ಒಳ್ಳೆ ಬೀಚ್ ಕಾಲ ಬುಡದಲ್ಲಿಲ್ಲ. ಎರಡಕ್ಕೂ ಒಂದೇ ಉಪಾಯ, ಫಿಗೆರೆತೆಸ್. ಟೌನಿಗೂ ಬೊಸ್ಸಾಕ್ಕೂ ನಡುವಿನ ಬಡಾವಣೆ. ಚಿಕ್ಕ ಬೀಚಿದೆ, ಬಂದರಿಗೆ ನಡೆಯಬಹುದು, ಮನಸ್ಸು ಮಾಡಿದರೆ ಬೊಸ್ಸಾಕ್ಕೂ ನಡೆಯಬಹುದು. ಫೋರ್ಮೆಂತೇರಾಗೆ ಟೌನಿನ ಬಂದರಿನಿಂದಲೇ ದೋಣಿ, ಅರ್ಧ ಗಂಟೆಯ ದಾರಿ. ಒಂದು ಹಗಲು ಅದಕ್ಕೇ ಇಡಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಈ ಫಿಗೆರೆತೆಸ್ಸನ್ನೇ. ಸೂರ್ಯಾಸ್ತಕ್ಕೆ ಒಂದು ಸಂಜೆ ಬಸ್ಸಲ್ಲಿ ಸಾಂತ್ ಅಂಟೋನಿಗೆ ಹೋಗಿ, ಅರ್ಧ ಗಂಟೆ ಹಿಡಿಯುತ್ತದೆ. ಉಶುವಾಯಾ, ಹೈ ಎರಡರ ಟಿಕೆಟ್ಟೂ ತಗೊಂಡಿದ್ದರೆ ಮಾತ್ರ ಬೊಸ್ಸಾ. ಕಾಲೇಜು ಗೆಳೆಯರ ಗುಂಪು, ಜೇಬು ಬಿಗಿ ಅಂದರೆ ಸಾಂತ್ ಅಂಟೋನಿ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ದೊಡ್ಡ ಕ್ಲಬ್ಬಿನ ಟಿಕೆಟ್ ಸಾಮಾನ್ಯವಾಗಿ 50ರಿಂದ 100 ಯೂರೋ. ಒಳಗೆ ನೀರಿನ ಬಾಟಲಿಗೇ 10 ಯೂರೋ ದಾಟಬಹುದು. ಹಾಗಾಗಿ ಒಂದು ರಾತ್ರಿ ದೊಡ್ಡ ಕ್ಲಬ್, ಮಾರನೇ ರಾತ್ರಿ ಬಂದರಿನ ಬೀದಿ ಅಂತ ಹಂಚಿಕೊಳ್ಳಿ, ಮೈಗೂ ಒಳ್ಳೆಯದು. ಹೋಟೆಲಿನಲ್ಲಿ ರೂಮಿನ ಬಾಡಿಗೆಯ ಜೊತೆ ಪ್ರವಾಸಿ ತೆರಿಗೆ ಬೇರೆ ಕೇಳುತ್ತಾರೆ.

ಕ್ಲಬ್ಬುಗಳ ಕಾಲ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಆಗಸ್ಟ್ ಬಿಡಿ, ವಿಪರೀತ ಜನ, ಬೆಲೆಯೂ ಹೆಚ್ಚು. ಜೂನ್ ಮೊದಲರ್ಧ ಇಲ್ಲವೇ ಸೆಪ್ಟೆಂಬರ್ ಚೆನ್ನ. ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗಿರುತ್ತದೆ. ಬೆಂಗಳೂರಿನಿಂದ ಹೊರಡುವವರಿಗೆ ನೇರ ವಿಮಾನ ಇಲ್ಲ, ಬಾರ್ಸಿಲೋನಾ, ಮ್ಯಾಡ್ರಿಡ್‌ನಂಥ ಯುರೋಪಿನ ಊರಿನ ಮೂಲಕ ಬರಬೇಕು. ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ರೂಮು ಬುಕ್ ಮಾಡುವಾಗ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವಂಥದ್ದನ್ನೇ ನೋಡಿ. ವೀಸಾ ಕೈಗೆ ಬಂದ ಮೇಲೆ ಕ್ಲಬ್ ಟಿಕೆಟ್ ತಗೊಳ್ಳಿ.