ಮೂರು ಬೆರಳು ಎತ್ತುವ ಮುಂಚೆ: ಮಗನ ಸ್ಕೌಟ್ ದಳದಲ್ಲಿ ಎರಡು ವರ್ಷ

ನನ್ನ ಮಗ ಹನ್ನೊಂದು ತುಂಬಿದಾಗ ಸ್ಕೌಟ್ ದಳ ಸೇರಿದ. ಈಗ ಎರಡು ವರ್ಷ ಆಯಿತು. ಸೇರಿಸುವ ಮುಂಚೆ ಬೇರೆ ಪೋಷಕರು ಬರೆದದ್ದನ್ನು ಹುಡುಕಿ ಹುಡುಕಿ ಓದಿದ್ದೆ. ಟೆಂಟು, ಬ್ಯಾಡ್ಜು, ಸಮವಸ್ತ್ರ, ಎಲ್ಲದರ ಬಗ್ಗೆ ಬರೆದಿದ್ದರು. ದೇವರ ವಿಷಯ ಅಲ್ಲಿ ಹೇಗೆ ನಡೆಯುತ್ತದೆ ಅಂತ ಒಬ್ಬರೂ ಬರೆದಿರಲಿಲ್ಲ. ನಮಗೆ ತೊಡಕಾಗಿದ್ದು ಅದೊಂದೇ. ಹಾಗಾಗಿ ಜಾಸ್ತಿ ಅದನ್ನೇ ಬರೆಯುತ್ತೇನೆ. ದಳದ ಹೆಸರು ಬೇಡ.

ಉಳಿದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ವಾರಕ್ಕೊಂದು ಸಂಜೆ ಹೋಗುತ್ತಾನೆ. ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತಾನೆ. ಬೌಲೈನ್ ಗಂಟನ್ನು ಕಣ್ಣು ಮುಚ್ಚಿ ಹಾಕುತ್ತಾನೆ. ತಂಗಿ ಬಿದ್ದು ಮೊಣಕಾಲು ತರಚಿಕೊಂಡಾಗ ನಾನು ಗಾಬರಿಯಾದೆ, ಅವನು ಗಾಯ ತೊಳೆದು ಪಟ್ಟಿ ಕಟ್ಟಿದ. ಇದಕ್ಕೆಲ್ಲ ಪೂರ್ತಿ ಅಂಕ.

ಸ್ಕೌಟ್‌ಗಿಂತ ಮೊದಲು ನಾವು ಬಾಯ್ಸ್ ಬ್ರಿಗೇಡ್ ಅನ್ನುವ ಹುಡುಗರ ಕ್ರೈಸ್ತ ಸಂಘವನ್ನು ನೋಡಲು ಹೋಗಿದ್ದೆವು. ಮಗನ ಗೆಳೆಯ ಅಲ್ಲಿದ್ದ. ಅದನ್ನು ಶುರುಮಾಡಿದವರು ವಿಲಿಯಂ ಅಲೆಕ್ಸಾಂಡರ್ ಸ್ಮಿತ್, 1883ರ ಅಕ್ಟೋಬರ್ 4ರಂದು, ಗ್ಲಾಸ್ಗೋದಲ್ಲಿ. ಅವರು ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹುಡುಗರು ಹೇಳಿದ ಮಾತು ಕೇಳುತ್ತಿರಲಿಲ್ಲ. ಸ್ಮಿತ್ ಸ್ವಯಂಸೇವಕ ಸೇನೆಯಲ್ಲೂ ಇದ್ದವರು. ಅಲ್ಲಿಯ ಕವಾಯತನ್ನು ಇಲ್ಲಿಗೆ ತಂದರು. ಅಂದರೆ ಅಲ್ಲಿ ಧರ್ಮ ಮೊದಲು ಬಂತು, ಕವಾಯತು ಆಮೇಲೆ. ಅವರ ಲಾಂಛನದ ಲಂಗರು ಬೈಬಲಿನದು. ಹುಡುಗರಲ್ಲಿ ಕ್ರಿಸ್ತನ ರಾಜ್ಯ ಬೆಳೆಯಬೇಕು ಅಂತ ಉದ್ದೇಶದ ಶುರುವಿನಲ್ಲೇ ಬರೆದಿದ್ದಾರೆ. ಏನೂ ಮುಚ್ಚಿಟ್ಟಿಲ್ಲ. ಅದು ನನಗೆ ತುಂಬಾ ಹಿಡಿಸಿತು. ನಮ್ಮ ಮನೆಯ ಧರ್ಮ ಬೇರೆ, ಅದಕ್ಕೆ ಸೇರಿಸಲಿಲ್ಲ ಅಷ್ಟೇ. 1895ರಲ್ಲಿ ಲಂಡನ್ನಿನ ಯಹೂದಿಗಳು ಇದೇ ದಾರಿ ಹಿಡಿದು ತಮ್ಮ ಹುಡುಗರಿಗೆ ಜ್ಯೂಯಿಷ್ ಲ್ಯಾಡ್ಸ್ ಬ್ರಿಗೇಡ್ ಕಟ್ಟಿಕೊಂಡರು. ಯಾರ ಮನೆ, ಯಾರ ಪ್ರಾರ್ಥನೆ ಅನ್ನುವುದು ಬಾಗಿಲಲ್ಲೇ ಗೊತ್ತಾಗುತ್ತದೆ.

ಸ್ಕೌಟ್‌ನಲ್ಲಿ ಅದು ಬಾಗಿಲಲ್ಲಿ ಗೊತ್ತಾಗುವುದಿಲ್ಲ. 1907ರ ಆಗಸ್ಟ್‌ನಲ್ಲಿ, ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ನಡೆಸಿದರು. ಸುಮಾರು ಇಪ್ಪತ್ತು ಹುಡುಗರು. ಕೆಲವರು ಬಾಯ್ಸ್ ಬ್ರಿಗೇಡಿನಿಂದ ಬಂದವರು, ಕೆಲವರು ದೊಡ್ಡ ಮನೆತನದ ಮಕ್ಕಳು. ಸ್ಕೌಟ್ ಯಾವುದೇ ಒಂದು ಧರ್ಮಕ್ಕೆ ಸೇರಿದ್ದಲ್ಲ. ಆದರೂ ದೇವರು ಅಲ್ಲಿದ್ದಾನೆ, ಪ್ರತಿಜ್ಞೆಯ ಒಳಗೆ. ಸೆಲ್ಯೂಟ್ ಮಾಡುವಾಗ ಎತ್ತುವ ಮೂರು ಬೆರಳು ಆ ಪ್ರತಿಜ್ಞೆಯ ಮೂರು ಭಾಗಗಳನ್ನು ನೆನಪಿಸುತ್ತವೆ. ಮೊದಲನೆಯದರಲ್ಲೇ ದೇವರಿಗೆ ಸಲ್ಲಿಸಬೇಕಾದ ಕರ್ತವ್ಯ ಬರುತ್ತದೆ.

ದಳದವರು ಕೊಟ್ಟ ಹಾಳೆಯಲ್ಲಿ 'ಎಲ್ಲ ಧರ್ಮದವರಿಗೂ ಸ್ವಾಗತ' ಅಂತ ಇತ್ತು. ಅಂದರೆ ಅಲ್ಲಿ ದೇವರ ಮಾತೇ ಬರುವುದಿಲ್ಲ ಅಂತ ನಾನು ತಿಳಿದುಕೊಂಡೆ. ಪ್ರತಿಜ್ಞೆಯ ಮಾತುಗಳು ಆ ಹಾಳೆಯಲ್ಲಿ ಇರಲಿಲ್ಲ.

ದೀಕ್ಷೆಗೆ, ಅಂದರೆ ಪ್ರತಿಜ್ಞೆ ಹೇಳಿ ಸ್ಕೌಟ್ ಆಗುವ ಸಮಾರಂಭಕ್ಕೆ, ಎರಡು ದಿನ ಇರುವಾಗ ಮಗ ಅಡುಗೆಮನೆಗೆ ಬಂದು ನಿಂತ. "ಅಮ್ಮ, ದೇವರು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. 'ನನ್ನ ಗೌರವದ ಮೇಲೆ' ಅಂತ ಹೇಳಿ ಆಮೇಲೆ ಇದನ್ನು ಹೇಳಿದರೆ ಸುಳ್ಳು ಹೇಳಿದ ಹಾಗೆ ಆಗಲ್ವಾ?" ಸಹಾಯಕ ನಾಯಕರನ್ನು ಆಗಲೇ ಕೇಳಿ ಬಂದಿದ್ದ. "ಸುಮ್ನೆ ಹೇಳು, ಎಲ್ಲರೂ ಹೇಳ್ತಾರೆ" ಅಂದರಂತೆ.

ನಾನು ದೇವರನ್ನು ನಂಬುವವಳು. ದಿನಾ ದೀಪ ಹಚ್ಚದೆ ಕೆಲಸಕ್ಕೆ ಹೊರಡುವುದಿಲ್ಲ. ಸಿಟ್ಟು ಬಂದಿದ್ದೂ ಅದಕ್ಕೇ. ದೇವರ ಹೆಸರನ್ನು ಸುಮ್ನೆ ಹೇಳುವುದೇ? ಅದೂ ಗೌರವದ ಮೇಲೆ ಆಣೆ ಮಾಡಿ? ಹನ್ನೊಂದು ವರ್ಷದ ಹುಡುಗ ಆ ಮಾತಿಗೆ ಬೆಲೆ ಕೊಟ್ಟ. ಮಾತು ಕಲಿಸುವವರೇ ಕೊಡಲಿಲ್ಲ. ನಂಬುವವರಿಗೂ ಇದು ಅವಮಾನ, ನಂಬದವರಿಗೂ ಅವಮಾನ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರತಿಜ್ಞೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಕೂತೆ.

ಓದಿದ ಮೇಲೆ ಗೊತ್ತಾಯಿತು, ಇದು ನಮ್ಮ ಮನೆಯ ಪ್ರಶ್ನೆ ಮಾತ್ರ ಅಲ್ಲ. ಬ್ರಿಟನ್ನಿನ ಸ್ಕೌಟ್ ಸಂಸ್ಥೆ 2014ರ ಜನವರಿಯಿಂದ, ನಂಬಿಕೆ ಇಲ್ಲದವರು ದೇವರ ಬದಲು ಸ್ಕೌಟ್ ಮೌಲ್ಯಗಳನ್ನು ಎತ್ತಿಹಿಡಿಯುತ್ತೇನೆ ಅಂತ ಹೇಳಬಹುದು ಎಂದು ಅವಕಾಶ ಕೊಟ್ಟಿದೆ. ದೇವರು ಇರುವ ಪ್ರತಿಜ್ಞೆಯನ್ನು ತೆಗೆದುಹಾಕಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿದೆ. ಅಮೆರಿಕದವರು 1911ರಲ್ಲೇ ಸ್ಕೌಟ್ ನಿಯಮಗಳನ್ನು ಹನ್ನೆರಡು ಮಾಡಿಕೊಂಡರು. ಹನ್ನೆರಡನೆಯದು ದೈವಭಕ್ತಿ. ಅಲ್ಲಿ ದೇವರಿಗೆ ಸಲ್ಲಿಸುವ ಕರ್ತವ್ಯವನ್ನು ಬಿಟ್ಟುಕೊಟ್ಟಿಲ್ಲ. ವಿಶ್ವ ಸ್ಕೌಟ್ ಸಂಸ್ಥೆಯ ಸಂವಿಧಾನ ಈ ಕರ್ತವ್ಯವನ್ನು ಆಧ್ಯಾತ್ಮಿಕ ತತ್ವಗಳಿಗೆ ಬದ್ಧವಾಗಿರುವುದು, ಅವುಗಳನ್ನು ಹೇಳುವ ಧರ್ಮಕ್ಕೆ ನಿಷ್ಠೆಯಿಂದಿರುವುದು ಅಂತ ವಿವರಿಸುತ್ತದೆ. ಯಾವ ಧರ್ಮ ಅಂತ ಹೇಳುವುದಿಲ್ಲ.

ಮರುದಿನ ದಳದ ಮುಖ್ಯ ನಾಯಕರಿಗೆ ಫೋನ್ ಮಾಡಿದೆ. ಅವರು ವಾದಕ್ಕೆ ಇಳಿಯಲಿಲ್ಲ. ಅವನ ದೀಕ್ಷೆಯನ್ನು ಮುಂದೆ ಹಾಕಿದರು. ಮುಂದಿನ ವಾರ ನಿಯಮ ಪುಸ್ತಕ ತಂದು ಮಗನ ಜೊತೆ ಕೂತರು. ನಮ್ಮಲ್ಲೂ ಬೇರೆ ಮಾತು ಹೇಳಲು ಅವಕಾಶ ಇತ್ತು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. "ಅವಸರ ಇಲ್ಲ, ನಿನಗೆ ಸರಿ ಅನಿಸಿದಾಗ ಹೇಳು" ಅಂದರು. ಅವರು ದಿನಾ ಪ್ರಾರ್ಥನೆ ಮಾಡುವ ಮನುಷ್ಯ. ಅಂಥವರ ಬಾಯಲ್ಲಿ ಈ ಮಾತು ಕೇಳಿ ನನಗೆ ಗಂಟಲು ಕಟ್ಟಿತು.

ಕ್ಯಾಂಪಿನ ಬಗ್ಗೆಯೂ ಹೇಳಬೇಕು. ಬೆಳಿಗ್ಗೆ ಧ್ವಜದ ಹತ್ತಿರ ಪ್ರಾರ್ಥನೆ ಇರುತ್ತದೆ. ಒಂದೊಂದು ದಿನ ಒಬ್ಬೊಬ್ಬ ಹುಡುಗ ತನ್ನ ಮನೆಯ ಪ್ರಾರ್ಥನೆ ಹೇಳುತ್ತಾನೆ, ಬೇಡ ಅಂದವನು ಎರಡು ನಿಮಿಷ ಎಲ್ಲರನ್ನೂ ಮೌನವಾಗಿ ನಿಲ್ಲಿಸುತ್ತಾನೆ. ನನ್ನ ಮಗ ಮೌನ ಆರಿಸಿಕೊಂಡ. ಅವನ ಟೆಂಟಿನಲ್ಲಿ ಒಬ್ಬ ಮುಸ್ಲಿಂ ಹುಡುಗ ಇದ್ದ. ಬೆಳಗಿನ ನಮಾಜಿಗೆ ದಿಕ್ಕು ಯಾವುದು ಅಂತ ಗೊತ್ತಾಗದೆ ಒದ್ದಾಡುತ್ತಿದ್ದ. ಟೆಂಟಿನ ಹುಡುಗರೆಲ್ಲ ನಕ್ಷೆ ಹರಡಿ, ಟಾರ್ಚ್ ಹಿಡಿದು, ದಿಕ್ಸೂಚಿ ಇಟ್ಟು ದಿಕ್ಕು ಹುಡುಕಿದರಂತೆ. ನೆಲದಲ್ಲಿ ಎರಡು ಗೂಟ ಹೊಡೆದು ಗುರುತು ಮಾಡಿದರಂತೆ. ಅವನ ನಮಾಜು ಮುಗಿಯುವ ತನಕ ಒಲೆ ಹಚ್ಚುವ ಪಾಳಿಯನ್ನು ನನ್ನ ಮಗ ತೆಗೆದುಕೊಂಡ. ಯಾವ ನಾಯಕರೂ ಹೇಳಿ ಮಾಡಿಸಿದ್ದಲ್ಲ ಇದು. ಆ ಎರಡು ಗೂಟಗಳ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದನೋ.

ಎರಡನೆಯ ಕ್ಯಾಂಪಿನಲ್ಲಿ ಅತಿಥಿಯೊಬ್ಬರು ಕ್ಯಾಂಪ್ ಫೈರ್ ಹೊತ್ತಿನಲ್ಲಿ ತಮ್ಮ ಧರ್ಮವೇ ಸರಿ ಅನ್ನುವ ಹಾಗೆ ಮಾತಾಡಿದರು. ಮುಖ್ಯ ನಾಯಕರು ನಡುವೆಯೇ ಎದ್ದು ಹಾಡು ಶುರುಮಾಡಿಸಿದರು. ಅಲ್ಲಿಗೆ ಅದು ನಿಂತಿತು.

ಏಳು ತಿಂಗಳು ಬಿಟ್ಟು ಮಗ ದೀಕ್ಷೆ ತೆಗೆದುಕೊಂಡ. ಬೇರೆ ಮಾತಿನ ಪ್ರತಿಜ್ಞೆಯನ್ನೇ ಹೇಳಿದ. ಅವನ ಪಕ್ಕದಲ್ಲಿದ್ದ ಹುಡುಗ ದೇವರ ಹೆಸರಿನಲ್ಲಿ ಹೇಳಿದ. ಇಬ್ಬರಿಗೂ ಒಂದೇ ಸ್ಕಾರ್ಫ್, ಒಂದೇ ಬ್ಯಾಡ್ಜ್. ನಾನು ಹಿಂದಿನ ಸಾಲಿನಲ್ಲಿ ನಿಂತು ಕೇಳಿದೆ. ಮಗನ ದನಿ ಒಂದು ಸಲವೂ ನಡುಗಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಆ ಹಾಳೆಗೆ. ಪ್ರತಿಜ್ಞೆಯ ಮಾತುಗಳನ್ನು ಅದರಲ್ಲಿ ಇವತ್ತಿಗೂ ಹಾಕಿಲ್ಲ. ಮಕ್ಕಳನ್ನು ಸೇರಿಸುವವರು ಮೊದಲ ದಿನವೇ ಅದನ್ನು ಕೇಳಿ ಬರೆದುಕೊಳ್ಳಿ, ಇನ್ನೊಂದು ಪ್ರತಿಜ್ಞೆ ಇದೆಯಾ ಅಂತಲೂ ಕೇಳಿ. ಸಮವಸ್ತ್ರ ಹೊಲಿಸುವ ಮುಂಚೆ ಮಗನ ಜೊತೆ ಕೂತು ಓದಿ.